ಕೋವಿಯ ಉಕ್ಕಿನ ಭಾಗಕ್ಕೆ ಯಾವ ಫಿನಿಶ್? ‘600 ಡಿಗ್ರಿ’ ಪೇಂಟ್ ಹೊಡೆಯೋ ಮೊದಲು ತಿಳ್ಕೊಳ್ಳಬೇಕಾದ ವಿಷಯ

ಮಡಿಕೇರಿ: ಸೆಪ್ಟೆಂಬರ್ 3ರ ಹೊತ್ತಿಗೆ ಕೈಲ್ ಮುಹೂರ್ತ. ಅಷ್ಟರೊಳಗೆ ಮನೆಯ ಕೋವಿ ಹೊರಗೆ ಬರಬೇಕು, ಒರೆಸಿ ಎಣ್ಣೆ ಕಾಣಬೇಕು, ತೋಕ್ ಪೂ ಸಿಕ್ಕಿಸಿ ಪೂಜೆಗೆ ಇಡಬೇಕು. ಜೂನ್‌ನಿಂದ ಕವರ್ ಒಳಗೇ ಇದ್ದ ಕೋವಿ ಬಿಚ್ಚಿದಾಗ ಹಳೇ ಭಾಗಗಳು ಪರವಾಗಿಲ್ಲ ಅನ್ನೋ ಹಾಗೆ ಇರುತ್ತವೆ. ತುಕ್ಕು ಹಿಡಿದಿರೋದು ಇತ್ತೀಚೆಗೆ ಕೆಲಸ ಮಾಡಿಸಿದ ಜಾಗದಲ್ಲಿ. ದುರ್ಬೀನು ಕೂರಿಸೋಕೆ ಹಾಕಿಸಿದ ಉಕ್ಕಿನ ಪಟ್ಟಿ, ಬಗ್ಗಿಸಿ ಬೆಸೆದ ಬೋಲ್ಟ್ ಹಿಡಿ, ಬೆಲ್ಟ್ ಸಿಕ್ಕಿಸೋ ಬಳೆ, ಅರ ಹಾಕಿ ಸರಿ ಮಾಡಿದ ನಳಿಗೆಯ ತುದಿ, ಎಲ್ಲೆಲ್ಲಿ ಕಾರ್ಖಾನೆಯ ಬಣ್ಣ ಹೋಗಿ ಬೋಳು ಉಕ್ಕು ಕಾಣುತ್ತೋ ಅಲ್ಲೆಲ್ಲ ಕೆಂಪು.

ಆಗ ಹೆಚ್ಚಿನವರು ಹೋಗೋದು ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ. ಕೇಳೋದು ಬೈಕಿನ ಸೈಲೆನ್ಸರ್‌ಗೆ ಹೊಡೆಯೋ ಕಪ್ಪು ಸ್ಪ್ರೇ. ಡಬ್ಬಿ ಮೇಲೆ 600 ಡಿಗ್ರಿ ಅಂತ ಬರೆದಿರುತ್ತೆ. ಗುಂಡು ಹಾರಿದ್ರೆ ನಳಿಗೆ ಬಿಸಿ ಆಗುತ್ತೆ, ಬಿಸಿ ತಡೆಯೋ ಪೇಂಟ್ ಬೇಕು, ಲೆಕ್ಕ ಸರಿ ಅನ್ಸುತ್ತೆ. ಆದ್ರೆ ಕೋವಿ ಹಾಳಾಗೋದು ಬಿಸಿಯಿಂದ ಅಲ್ಲ. ಫಿನಿಶ್ ಹಾಕುವಾಗ ಕೊಡೋ ಬಿಸಿಯಿಂದ ಮತ್ತು ಫಿನಿಶ್ ಅಡಿಯಲ್ಲಿ ಉಳಿಯೋ ತೇವದಿಂದ.

ಕೋವಿ ನಿಜವಾಗಿ ಎಷ್ಟು ಬಿಸಿ ಆಗುತ್ತೆ?

ಗುಂಡು ಹಾರುವಾಗ ನಳಿಗೆಯ ಒಳಗಿನ ಅನಿಲ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ಆದ್ರೆ ಅದು ಇರೋದು ಸೆಕೆಂಡಿನ ಸಾವಿರದ ಕೆಲವೇ ಭಾಗದಷ್ಟು ಹೊತ್ತು. ಒಳಮೈಯ ತೆಳು ಪದರ ಮಾತ್ರ ಸುಡುತ್ತೆ, ಹೊರಮೈಗೆ ಬರೋವಷ್ಟರಲ್ಲಿ ಆ ಶಾಖ ಇಡೀ ಉಕ್ಕಿಗೆ ಹಂಚಿಹೋಗಿರುತ್ತೆ. ಕೊಡವ ಮನೆಗಳಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು, ಪುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು. ಇಷ್ಟಕ್ಕೆ ನಳಿಗೆ ಉಗುರುಬೆಚ್ಚಗೂ ಆಗಲ್ಲ. ತೆಂಗಿನಕಾಯಿಗೆ ಗುರಿ ಇಡೋ ಸ್ಪರ್ಧೆಯಲ್ಲಿ ಕೂಡ ಒಬ್ಬೊಬ್ಬರು ಹಾರಿಸೋದು ಕೆಲವೇ ಸುತ್ತು.

ಇದನ್ನ ಅಳೆಯೋಕೆ ಮೀಟರ್ ಬೇಡ. ಕಬ್ಬಿಣ ಸುಮಾರು 60 ಡಿಗ್ರಿ ಆದ್ರೆ ಬರಿಗೈಯಲ್ಲಿ ಹಿಡಿದು ನಿಲ್ಲೋಕೆ ಆಗಲ್ಲ. ಗುಂಡು ಹೊಡೆದ ಮೇಲೂ ನಳಿಗೆ ಹಿಡಿದು ನಡೆಯೋಕೆ ಆಗುತ್ತೆ ಅಂದ್ರೆ ಅಲ್ಲಿ ಶಾಖದ ಸಮಸ್ಯೆಯೇ ಇಲ್ಲ.

ಕೆಲವು ನೂರು ಡಿಗ್ರಿ ತಡೆಯೋ ಫಿನಿಶ್ ಬೇಕಾಗೋದು ಮಿಲಿಟರಿ ಬಂದೂಕಿಗೆ. ಮೆಷಿನ್ ಗನ್ ನಳಿಗೆ, ಗುಂಡಿನ ಅನಿಲದಿಂದಲೇ ಮುಂದಿನ ತೋಟೆ ಎಳೆದುಕೊಳ್ಳೋ ರೈಫಲ್‌ಗಳ ಅನಿಲ ಕೊಳವೆ, ಬೆಂಕಿ ಮರೆಮಾಡೋ ಮೂತಿ, ಇವು ನಿಜವಾಗಿ ಕಾಯ್ತವೆ. ನಮ್ಮ ಜಿಲ್ಲೆಯ ಮನೆಗಳಲ್ಲಿ ಇರೋದು ಒಂಟಿ ನಳಿಗೆ, ಜೋಡಿ ನಳಿಗೆ ಕೋವಿ, .22 ರೈಫಲ್, ಅಲ್ಲೊಂದು ಇಲ್ಲೊಂದು ಇಚ್ಛಾಪುರ ಕಾರ್ಖಾನೆಯ .315 ಬೋಲ್ಟ್ ರೈಫಲ್. ಇವುಗಳಿಗೆ 150 ಡಿಗ್ರಿ ತಡೆಯೋ ಫಿನಿಶ್ ಧಾರಾಳ ಸಾಕು. ಡಬ್ಬಿ ಮೇಲಿನ 600ಕ್ಕೆ ಇಲ್ಲಿ ಬೆಲೆ ಇಲ್ಲ.

ಬಿಸಿಯ ಅಪಾಯ ಇರೋದು ಬೇರೆ ಕಡೆ

ಯಾವ ಫಿನಿಶ್ ಆದ್ರೂ ಒಂದಿಷ್ಟು ಶಾಖ ಕೊಟ್ಟೇ ಕೂರಿಸೋದು. ಫಾಸ್ಫೇಟ್ ತೊಟ್ಟಿ 90ರಿಂದ 95 ಡಿಗ್ರಿ. ಕಾರ್ಖಾನೆಯ ಬಿಸಿ ಬ್ಲೂಯಿಂಗ್ ಸುಮಾರು 140 ಡಿಗ್ರಿ. ಒಲೆಯಲ್ಲಿ ಬೇಯಿಸೋ ಸೆರಾಮಿಕ್ ಕೋಟಿಂಗ್ ಸುಮಾರು 120 ಡಿಗ್ರಿಯಲ್ಲಿ 2 ಗಂಟೆ, ಇನ್ನು ಕೆಲವು ರೆಸಿನ್ ಕೋಟಿಂಗ್ 150ರಿಂದ 165. ಸೈಲೆನ್ಸರ್ ಪೇಂಟ್ ಇದೆಯಲ್ಲ, ಅದು ಸಿಲಿಕೋನ್ ಪೇಂಟ್, ಪೂರ್ತಿ ಗಟ್ಟಿ ಆಗೋಕೆ 200 ಡಿಗ್ರಿ ಹತ್ತಿರ ಕಾಯಿಸಬೇಕು. ಬೈಕಿಗೆ ಎಂಜಿನ್ನೇ ಅದನ್ನ ಕಾಯಿಸುತ್ತೆ, ಕೋವಿಗೆ ಕಾಯಿಸೋರು ಯಾರು? ಕಾಯಿಸದೇ ಬಿಟ್ರೆ ಅದು ಮೆತ್ತಗೇ ಇರುತ್ತೆ. ಕೋವಿಗೆ ಹಾಕೋ ಎಣ್ಣೆ, ತೊಳೆಯೋ ಸಾಲ್ವೆಂಟ್ ತಾಗಿದ ಕೂಡಲೇ ಬಟ್ಟೆಗೆ ಕಪ್ಪಾಗಿ ಅಂಟುತ್ತೆ.

‘ಹಾಗಾದ್ರೆ ಒಲೆಯಲ್ಲಿ ಇಟ್ಟು ಕಾಯಿಸೋಣ’ ಅಂತ ಹೊರಟ್ರೆ ಇನ್ನೂ ದೊಡ್ಡ ತೊಂದ್ರೆ. ಜೋಡಿ ನಳಿಗೆ ಕೋವಿಯಲ್ಲಿ ಎರಡು ನಳಿಗೆಗಳ ನಡುವಿನ ಪಟ್ಟಿಯನ್ನ ಹೆಚ್ಚಾಗಿ ಸೀಸ-ತವರದ ಮೆತ್ತನೆ ಬೆಸುಗೆಯಲ್ಲಿ ಕೂರಿಸಿರುತ್ತಾರೆ. ಆ ಬೆಸುಗೆ 183 ಡಿಗ್ರಿಗೇ ಕರಗೋಕೆ ಶುರು. 200 ಡಿಗ್ರಿಗೆ ಕಾಯಿಸಿದ್ರೆ ಪಟ್ಟಿ ಬಿಡುತ್ತೆ, ನಳಿಗೆಗಳು ಒಂದಕ್ಕೊಂದು ನೇರ ಉಳಿಯಲ್ಲ. ಅಜ್ಜನ ಕಾಲದ ಕೋವಿ ಹಾಗೆ ಹಾಳಾದ್ರೆ ಸರಿ ಮಾಡೋ ಕೈಗಳು ಈಗ ತುಂಬಾ ಕಮ್ಮಿ.

ಬಿಸಿ ಬ್ಲೂಯಿಂಗ್ 140 ಡಿಗ್ರಿಯೇ ಆದ್ರೂ ಜೋಡಿ ನಳಿಗೆಗೆ ಆಗಲ್ಲ. ಅಲ್ಲಿ ತೊಂದರೆ ಕೊಡೋದು ಕಾಸ್ಟಿಕ್ ಸೋಡಾ. ಅದು ಆ ಬೆಸುಗೆಯನ್ನ ತಿನ್ನುತ್ತೆ. ಜೊತೆಗೆ ಪಟ್ಟಿ ಅಡಿಯ ಸಂದಿಗೆ ಉಪ್ಪು ನುಗ್ಗಿ ಕೂರುತ್ತೆ, ತಿಂಗಳುಗಟ್ಟಲೆ ಆದ ಮೇಲೂ ಬೆಳ್ಳಗೆ ಒಸರುತ್ತೆ, ಒಳಗಿಂದ ತುಕ್ಕು ಎಬ್ಬಿಸುತ್ತೆ. ಹೊರಗೆ ಮಿರಿಮಿರಿ ಕಪ್ಪು, ಒಳಗೆ ಗೆದ್ದಲು ತಿಂದ ಮರದ ಸ್ಥಿತಿ.

ಇನ್ನೊಂದು ಅಭ್ಯಾಸ ಇದಕ್ಕಿಂತ ಕೆಟ್ಟದ್ದು. ಕುಲುಮೆಯಲ್ಲೋ ಗ್ಯಾಸ್ ಟಾರ್ಚ್‌ನಲ್ಲೋ ಭಾಗವನ್ನ ನೀಲಿ ಬಣ್ಣ ಬರೋವರೆಗೆ ಕಾಯಿಸಿ ಎಣ್ಣೆಗೆ ಅದ್ದೋದು. ಬಣ್ಣ ಚೆಂದ ಬರುತ್ತೆ ನಿಜ. ಆದ್ರೆ ಉಕ್ಕು ನೀಲಿ ಆಗೋದು 290-300 ಡಿಗ್ರಿಗೆ. ಗಟ್ಟಿ ಮಾಡಿದ ಉಕ್ಕಿನ ಗಡಸು ಅಷ್ಟು ಶಾಖಕ್ಕೆ ಇಳಿಯುತ್ತೆ. ಸ್ಕ್ರೂ ತಲೆಗೆ, ಬೆಲ್ಟ್ ಬಳೆಗೆ ಇದು ನಡೆಯುತ್ತೆ. ಬೋಲ್ಟಿನ ಹಲ್ಲು, ಟ್ರಿಗರ್ ಕೊಕ್ಕೆ, ಸ್ಪ್ರಿಂಗ್, ಇವಕ್ಕೆ ಮಾಡಿದ್ರೆ ಆ ಕೋವಿ ಮುಂದೆ ಯಾವತ್ತೋ ಹಾರಿಸಿದವರ ಮುಖದ ಹತ್ತಿರವೇ ಒಡೆಯಬಹುದು, ಇಲ್ಲ ಟ್ರಿಗರ್ ಮುಟ್ಟದೇ ಹಾರಬಹುದು. ಬೋಲ್ಟ್ ಹಿಡಿ ಬೆಸೆಯುವಾಗಲೂ ಅದೇ ಭಯ, ಬೆಸುಗೆಯ ಶಾಖ ಹಿಡಿಯಿಂದ ಹಲ್ಲಿನವರೆಗೆ ಹರಿದುಹೋಗುತ್ತೆ. ಅದು ಊರಿನ ವೆಲ್ಡಿಂಗ್ ಶಾಪ್‌ನ ಕೆಲಸ ಅಲ್ಲವೇ ಅಲ್ಲ.

ಬ್ಲೂಯಿಂಗ್: ಬಣ್ಣ ಹೌದು, ರಕ್ಷಣೆ ಅರ್ಧ

ಹಳೇ ಕೋವಿಗಳ ಕಪ್ಪು-ನೀಲಿ ಬಣ್ಣ ಪೇಂಟ್ ಅಲ್ಲ. ಉಕ್ಕಿನ ಮೇಲ್ಮೈಯನ್ನೇ ಮ್ಯಾಗ್ನಟೈಟ್ ಅನ್ನೋ ಕಪ್ಪು ಆಕ್ಸೈಡ್ ಆಗಿ ಬದಲಾಯಿಸಿದ್ದು. ಒಂದು ಲೆಕ್ಕಕ್ಕೆ ಅದೂ ತುಕ್ಕೇ, ಆದ್ರೆ ಕೆಂಪು ತುಕ್ಕಿನ ಹಾಗೆ ಉದುರಲ್ಲ, ಅಂಟಿಕೊಂಡಿರುತ್ತೆ. ದಪ್ಪ ಒಂದೆರಡು ಮೈಕ್ರಾನ್, ಅಂದ್ರೆ ತಲೆಕೂದಲಿನ ದಪ್ಪದಲ್ಲಿ ಮೂವತ್ತರಲ್ಲೊಂದು ಭಾಗವೋ ಏನೋ. ಅದರಿಂದ ಅಳತೆ ಬದಲಾಗಲ್ಲ, ನಳಿಗೆ ಮುಚ್ಚೋ ಜಾಗ ಬಿಗಿ ಆಗಲ್ಲ. ಬಿಸಿಗೂ ಅಂಜಲ್ಲ.

ಆದ್ರೆ ಬ್ಲೂಯಿಂಗ್ ಒಂದೇ ತುಕ್ಕು ತಡೆಯಲ್ಲ. ಮೇಲೆ ಎಣ್ಣೆ ಇರೋವರೆಗೆ ಮಾತ್ರ ಅದರ ಆಟ. ಭಾಗಮಂಡಲದ ಕಡೆ ಜುಲೈ ತಿಂಗಳಲ್ಲಿ ಎಣ್ಣೆ ಒಣಗಿದ ಬ್ಲೂಯಿಂಗ್ ಮೇಲೆ ಬೆವರಿನ ಕೈ ಇಟ್ರೆ ಬೆರಳಚ್ಚಿನ ಗುರುತಲ್ಲೇ ತುಕ್ಕು ಬರುತ್ತೆ. ಕುಶಾಲನಗರದ ಕಡೆ ಮಳೆ ಅದಕ್ಕಿಂತ ಎಷ್ಟೋ ಕಮ್ಮಿ, ಅಲ್ಲಿನವರಿಗೆ ಅದೇ ಕೋವಿ ಅದೇ ಎಣ್ಣೆಯಲ್ಲಿ ಆರಾಮಾಗಿ ಇರುತ್ತೆ. ಹಾಗಾಗಿ ‘ನನ್ನ ಕೋವಿಗೆ ಏನೂ ಆಗಿಲ್ಲ’ ಅನ್ನೋರ ಮಾತು ಕೇಳೋ ಮೊದಲು ಅವರ ಊರು ಯಾವುದು ಅಂತ ಕೇಳೋದು ಒಳ್ಳೇದು.

ಜೋಡಿ ನಳಿಗೆಗೆ ಸರಿ ಹೋಗೋ ಬ್ಲೂಯಿಂಗ್ ಅಂದ್ರೆ ನಿಧಾನದ ತುಕ್ಕು-ಬ್ಲೂಯಿಂಗ್. ಬೇಕಂತಲೇ ಔಷಧಿ ಹಚ್ಚಿ ತೆಳುವಾಗಿ ಕೆಂಪು ತುಕ್ಕು ಬರಿಸೋದು, ಬರೀ ಕುದಿಯೋ ನೀರಲ್ಲಿ ಅದ್ದೋದು, ಕೆಂಪು ಕಪ್ಪಾಗುತ್ತೆ, ಮೇಲಿನ ಪುಡಿಯನ್ನ ನಯವಾದ ಉಕ್ಕಿನ ನಾರಲ್ಲಿ ಉಜ್ಜಿ ತೆಗೆಯೋದು, ಮತ್ತೆ ಮೊದಲಿಂದ. ಐದಾರು ಸಲ, ಕೆಲವೊಮ್ಮೆ ಜಾಸ್ತಿ. ದಿನಗಟ್ಟಲೆ ಹಿಡಿಯುತ್ತೆ. ಶಾಖ ಮಾತ್ರ 100 ಡಿಗ್ರಿ ದಾಟಲ್ಲ, ಬೆಸುಗೆ ಸುರಕ್ಷಿತ. ಇಂಗ್ಲೆಂಡಿನ ಹಳೇ ಜೋಡಿ ನಳಿಗೆ ಕೋವಿಗಳಿಗೆ ಮಾಡ್ತಿದ್ದದ್ದು ಇದನ್ನೇ.

ಸೀಸೆಯಲ್ಲಿ ಸಿಗೋ ‘ಕೋಲ್ಡ್ ಬ್ಲೂ’ ಬೇರೆ. ಅದು ಸೆಲೆನಿಯಂ ಮತ್ತು ತಾಮ್ರದ ಲವಣ, ಉಕ್ಕಿನ ಮೇಲೆ ಕಪ್ಪಾಗಿ ಕೂರುತ್ತೆ. ಗೀಚಿದ ಜಾಗ, ಸ್ಕ್ರೂ ತಲೆ, ಇಷ್ಟಕ್ಕೆ ಸಾಕು. ಇಡೀ ಭಾಗಕ್ಕೆ ಹಚ್ಚಿದ್ರೆ ಮಚ್ಚೆ ಮಚ್ಚೆ ಬರುತ್ತೆ, ಕೈ ತಾಗಿ ಬೇಗ ಸವೆಯುತ್ತೆ. ಸೆಲೆನಿಯಂ ವಿಷ, ಗ್ಲೌಸ್ ಇಲ್ಲದೇ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗೋ ಕಡೆ ಇಡಬೇಡಿ.

ಬಿಸಿ ಬ್ಲೂಯಿಂಗ್ ಮನೆಯಲ್ಲಿ ಮಾಡೋ ವಿಡಿಯೋಗಳು ಮೊಬೈಲಲ್ಲಿ ಬೇಕಾದಷ್ಟು ಓಡ್ತಾ ಇವೆ. 140 ಡಿಗ್ರಿಯ ಕಾಸ್ಟಿಕ್‌ಗೆ ಒಂದು ಲೋಟ ನೀರು ಸುರಿದ್ರೆ ಅದು ಸಿಡಿದು ಮುಖಕ್ಕೇ ಬರುತ್ತೆ. ಕಣ್ಣು ಹೋದ್ರೆ ಹೋಯ್ತು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡೋಕೆ ಹೋದ್ರೆ ಪಾತ್ರೆಯನ್ನೇ ತಿಂದುಹಾಕುತ್ತೆ.

ಬಿಡಿ ಭಾಗಕ್ಕೆ ಫಾಸ್ಫೇಟ್

ಕಳಚಿ ತೆಗೆಯೋಕೆ ಬರೋ ಸಣ್ಣ ಉಕ್ಕಿನ ಭಾಗಗಳಿಗೆ, ದುರ್ಬೀನು ಪಟ್ಟಿ, ಬೆಲ್ಟ್ ಬಳೆ, ಟ್ರಿಗರ್ ಸುತ್ತಿನ ಕಮಾನು ಇಂಥವಕ್ಕೆ, ಮಳೆ ಜಿಲ್ಲೆಯಲ್ಲಿ ಮೊದಲು ಯೋಚಿಸಬೇಕಾದ್ದು ಫಾಸ್ಫೇಟ್. ‘ಪಾರ್ಕರೈಸಿಂಗ್’ ಅಂತ ಹೆಸರು. 1915ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಪಾರ್ಕರ್ ರಸ್ಟ್ ಪ್ರೂಫ್ ಕಂಪನಿ ಇದನ್ನ ಬೆಳೆಸಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಹಿಡಿದಿದ್ದ ಎಂ1 ಗ್ಯಾರಂಡ್ ರೈಫಲ್‌ಗಳ ಬೂದು ಬಣ್ಣ ಇದೇ.

ನೋಡೋಕೆ ಮಂಕು, ಸ್ವಲ್ಪ ಒರಟು. ಗುಟ್ಟು ಇರೋದೇ ಆ ಒರಟಿನಲ್ಲಿ. ಮೇಲ್ಮೈ ಪೂರ್ತಿ ಸಣ್ಣ ಸಣ್ಣ ಹರಳು, ಸ್ಪಂಜಿನ ಹಾಗೆ ಎಣ್ಣೆ ಹೀರಿ ಇಟ್ಕೊಳ್ಳುತ್ತೆ. ಬ್ಲೂಯಿಂಗ್ ಮೇಲಿನ ಎಣ್ಣೆ ಒರೆಸಿದ್ರೆ ಹೋಗುತ್ತೆ, ಫಾಸ್ಫೇಟ್ ಒಳಗಿನ ಎಣ್ಣೆ ಅಷ್ಟು ಸುಲಭಕ್ಕೆ ಹೋಗಲ್ಲ. ಸತುವಿನ ಫಾಸ್ಫೇಟ್, ಮ್ಯಾಂಗನೀಸ್ ಫಾಸ್ಫೇಟ್ ಅಂತ ಎರಡು ಬಗೆ. ಒಂದಕ್ಕೊಂದು ತಿಕ್ಕೋ ಭಾಗಕ್ಕೆ, ಬಿಸಿ ತಾಗೋ ಭಾಗಕ್ಕೆ ಮ್ಯಾಂಗನೀಸ್ ಮೇಲು.

ಎರಡು ವಿಷಯ ಗಮನಿಸಬೇಕು. ಭಾಗ ಸ್ಟೇನ್‌ಲೆಸ್ ಆಗಿದ್ರೆ ಸಾಮಾನ್ಯ ಫಾಸ್ಫೇಟೂ ಹಿಡಿಯಲ್ಲ, ಬ್ಲೂಯಿಂಗೂ ಹಿಡಿಯಲ್ಲ. ಎರಡನೆಯದು, ಫಾಸ್ಫೇಟ್ ಒಣಗಿದ್ದಾಗ ಹಾಗೇ ಬಿಟ್ರೆ ತೇವವನ್ನೂ ಅಷ್ಟೇ ಚೆನ್ನಾಗಿ ಹೀರುತ್ತೆ. ತೊಟ್ಟಿಯಿಂದ ತೆಗೆದು ತೊಳೆದು ಒಣಗಿಸಿದ ಕೂಡಲೇ, ಇನ್ನೂ ಬೆಚ್ಚಗಿರುವಾಗಲೇ ಎಣ್ಣೆಯಲ್ಲಿ ಅದ್ದಬೇಕು.

ಸೆರಾಮಿಕ್ ಕೋಟಿಂಗ್, ನಿಕ್ಕಲ್

ಬರೀ ತುಕ್ಕು ತಡೆಯೋದ್ರಲ್ಲಿ ಸೆರಾಮಿಕ್-ಪಾಲಿಮರ್ ಕೋಟಿಂಗ್ ಎಲ್ಲಕ್ಕಿಂತ ಮುಂದೆ. ಅಮೆರಿಕದ ‘ಸೆರಾಕೋಟ್’ ಹೆಸರು ಎಲ್ಲರಿಗೂ ಗೊತ್ತು. ಒಲೆಯಲ್ಲಿ ಬೇಯಿಸೋದು ಒಂದು ಸಾಲು, ಗಾಳಿಯಲ್ಲೇ ಗಟ್ಟಿಯಾಗೋದು ಇನ್ನೊಂದು ಸಾಲು. ಈ ಎರಡನೆಯದು ತುಂಬಾ ಹೆಚ್ಚಿನ ಶಾಖಕ್ಕೆ ಅಂತ ಮಾಡಿದ್ದು, ಎಂಜಿನ್ ಎಕ್ಸಾಸ್ಟ್‌ಗೂ ಹೊಡೀತಾರೆ. ನಿಜವಾಗಿ ಕಾಯೋ ಮೂತಿ ಭಾಗ ಇದ್ರೆ ಅದು ಬೇಕು. ಕೈ ತಾಗಿ ಸವೆಯೋ ಬೋಲ್ಟ್ ಹಿಡಿಗೆ ಒಲೆಯ ಸಾಲು ಗಟ್ಟಿ.

ಆದ್ರೆ ಇದು ಪದರ, ಸುಮಾರು 25 ಮೈಕ್ರಾನ್. ಮುಚ್ಚಿ ಬಿಗಿಯೋ ಜಾಗದಲ್ಲಿ ಎರಡೂ ಕಡೆ ಹೊಡೆದ್ರೆ 50 ಮೈಕ್ರಾನ್ ಆಯ್ತು, ಕೋವಿ ಸರಿಯಾಗಿ ಮುಚ್ಚದೇ ಹೋಗಬಹುದು. ನಳಿಗೆಯ ಒಳಗೆ, ತೋಟೆ ಕೂರೋ ಗೂಡಿನಲ್ಲಿ, ಬೋಲ್ಟಿನ ಹಲ್ಲಿನ ಮೇಲೆ, ಟ್ರಿಗರ್ ಕೊಕ್ಕೆಗೆ, ಸೂಜಿ ತೂತಿಗೆ ಯಾವ ಪೇಂಟೂ, ಯಾವ ಕೋಟಿಂಗೂ ಹೋಗಬಾರದು. ಅಲ್ಲಿ ಎಣ್ಣೆ ಮಾತ್ರ.

ಇದು ಹಿಡಿಯೋಕೆ ಮೇಲ್ಮೈಗೆ ಮರಳು ಹೊಡೆದ ಹಾಗೆ ಬ್ಲಾಸ್ಟಿಂಗ್ ಮಾಡಬೇಕು, ಎಣ್ಣೆಯ ಅಂಶ ಪೂರ್ತಿ ಹೋಗಬೇಕು. ಪೆಟ್ರೋಲಲ್ಲಿ ಒರೆಸಿದ್ರೆ ಹೋಗಲ್ಲ, ಅದೇ ಒಂದು ಜಿಡ್ಡು ಬಿಡುತ್ತೆ, ಅಸಿಟೋನ್ ಬೇಕು. ತುಕ್ಕಿನ ಚುಕ್ಕೆ ಒಂದು ಉಳಿದ್ರೂ ಪದರದ ಅಡಿಯಲ್ಲಿ ಅದು ಹರಡ್ತಾ ಹೋಗುತ್ತೆ, ಮೇಲಿಂದ ಕಾಣೋದೇ ಇಲ್ಲ. ಗೀಚು ಬಿದ್ದಾಗ ತೇಪೆ ಹಾಕೋಕೂ ಆಗಲ್ಲ. ಫಾಸ್ಫೇಟ್ ಮಾಡಿಸಿ, ಎಣ್ಣೆ ಹಾಕದೇ ಅದರ ಮೇಲೆ ಒಲೆಯ ಕೋಟಿಂಗ್ ಹೊಡೆಸೋದು ಹಳೇ ಮಿಲಿಟರಿ ಪದ್ಧತಿ. ಬ್ರಿಟಿಷರು ಅವರ ರೈಫಲ್‌ಗಳಿಗೆ ಫಾಸ್ಫೇಟ್ ಮೇಲೆ ಕಪ್ಪು ಪೇಂಟ್ ಬೇಯಿಸ್ತಿದ್ರು. ಮೇಲಿನದು ಗೀಚಿದ್ರೂ ಅಡಿಯದು ತುಕ್ಕು ಹರಡೋದನ್ನ ನಿಧಾನ ಮಾಡುತ್ತೆ.

ನಿಕ್ಕಲ್ ಪ್ಲೇಟಿಂಗ್ ಮಾಡಿಸೋರೂ ಇದ್ದಾರೆ. ಹೊಳಪು ಇಷ್ಟ ಆದ್ರೆ ಸರಿ. ಸ್ಪ್ರಿಂಗ್‌ಗೆ, ಗಡಸು ಭಾಗಕ್ಕೆ ಮಾತ್ರ ಬೇಡ, ಪ್ಲೇಟಿಂಗ್ ತೊಟ್ಟಿಯಲ್ಲಿ ಉಕ್ಕು ಹೈಡ್ರೋಜನ್ ಹೀರಿ ಗಾಜಿನ ಹಾಗೆ ಮುರಿಯೋದು ಉಂಟು.

ಕೋಟಿಂಗ್ ಡಬ್ಬಿ ಮಾರೋ, ತರಿಸಿಕೊಡೋ ಅಂಗಡಿಯವರು ಡಿಗ್ರಿ ನೋಡೋ ಬದಲು ಬೇರೆ ಒಂದು ಅಂಕಿ ಹುಡುಕಬೇಕು. ಉಪ್ಪು ಮಂಜಿನ ಪರೀಕ್ಷೆಯಲ್ಲಿ ಎಷ್ಟು ಗಂಟೆ ತಡೀತು ಅಂತ. 35 ಡಿಗ್ರಿಯಲ್ಲಿ 5 ಪರ್ಸೆಂಟ್ ಉಪ್ಪು ನೀರಿನ ಮಂಜು ಹಾಯಿಸಿ ನೋಡೋ ಪರೀಕ್ಷೆ ಅದು. ಅದು ಬರೆದಿಲ್ಲ ಅಂದ್ರೆ ಒಂದು ಸುಲಭ ಉಪಾಯ. ಅದೇ ಜಾತಿಯ ಉಕ್ಕಿನ ತುಂಡಿಗೆ ಹೊಡೆದು, ಮೊಳೆಯಲ್ಲಿ ಒಂದು ಗೆರೆ ಗೀಚಿ, ಮಳೆಗಾಲದಲ್ಲಿ ಸೂರಿನ ಅಂಚಿಗೆ ಒಂದು ತಿಂಗಳು ನೇತು ಹಾಕಿ. ಗೀಚಿದ ಗೆರೆಯಿಂದ ತುಕ್ಕು ಎಷ್ಟು ದೂರ ಪಕ್ಕಕ್ಕೆ ಹರಡಿದೆ ಅನ್ನೋದು ಡಬ್ಬಿಗಿಂತ ಸತ್ಯ ಹೇಳುತ್ತೆ.

ಉಜ್ಜುವಾಗ ನಂಬರ್ ಅಳಿಸಿದ್ರೆ ಕೇಸ್

ಫಿನಿಶ್ ಹಾಕೋ ಮೊದಲು ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜೋದು ವಾಡಿಕೆ. ಕೋವಿ ವಿಷಯದಲ್ಲಿ ಇಲ್ಲೇ ಎಡವೋದು. ಶಸ್ತ್ರಾಸ್ತ್ರ ಕಾಯ್ದೆ 1959ರ ಸೆಕ್ಷನ್ 8ರ ಪ್ರಕಾರ ಕೋವಿ ಮೇಲೆ ಒತ್ತಿದ ಹೆಸರು, ನಂಬರ್, ಗುರುತನ್ನ ಅಳಿಸೋದು, ಕೆಡಿಸೋದು, ತಿದ್ದೋದು ಅಪರಾಧ. ನಂಬರ್ ಅಳಿಸಿದ ಕೋವಿ ಯಾರ ಕೈಯಲ್ಲಿ ಸಿಗುತ್ತೋ ಅವರೇ ಅಳಿಸಿದ್ದು ಅಂತ ಕಾನೂನು ಮೊದಲು ಭಾವಿಸುತ್ತೆ, ಅಲ್ಲ ಅಂತ ತೋರಿಸೋ ಹೊಣೆ ಅವರದ್ದು. ‘ತುಕ್ಕು ತೆಗೆಯೋಕೆ ಹೋಗಿ ಅಳಿಸಿತು’ ಅಂತ ಠಾಣೆಯಲ್ಲಿ ಒಪ್ಪಿಸೋದು ಕಷ್ಟ. ದಪ್ಪ ಪೇಂಟ್ ಹೊಡೆದು ನಂಬರ್ ಓದೋಕೆ ಬಾರದ ಹಾಗೆ ಮಾಡ್ಕೊಂಡ್ರೂ ತಪಾಸಣೆ ವೇಳೆ ತಾಪತ್ರಯ. ಕೆಲಸಕ್ಕೆ ಕೊಡೋ ಮೊದಲು ನಂಬರ್ ಇರೋ ಜಾಗದ ಫೋಟೋ ತೆಗೆದಿಟ್ಟು, ಅಲ್ಲಿ ಟೇಪ್ ಅಂಟಿಸಿ ಕೊಡೋದು ಕ್ಷೇಮ.

ಇನ್ನು ವಿನಾಯಿತಿಯ ಮಾತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೇ ಕೋವಿ ಹೊಂದೋ ವಿನಾಯಿತಿಯನ್ನ ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷಕ್ಕೆ, ಅಂದ್ರೆ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನ ಎತ್ತಿಹಿಡಿದಿದೆ. ಆದ್ರೆ ಆ ವಿನಾಯಿತಿ ಇರೋದು ಕೋವಿ ಇಟ್ಕೊಳ್ಳೋಕೆ, ಒಯ್ಯೋಕೆ. ಕೋವಿ ದುರಸ್ತಿ ಮಾಡೋಕೆ, ಮಾರ್ಪಡಿಸೋಕೆ ಸೆಕ್ಷನ್ 5ರ ಕೆಳಗೆ ಬೇರೆ ಲೈಸೆನ್ಸ್ ಬೇಕು. ನಳಿಗೆ ಗಿಡ್ಡ ಮಾಡೋದಕ್ಕೆ ಸೆಕ್ಷನ್ 6 ಇದೆ. ಲೈಸೆನ್ಸ್ ಇಲ್ಲದೇ ಈ ಕೆಲಸ ಮಾಡಿದ್ರೆ 2019ರ ತಿದ್ದುಪಡಿ ನಂತರ ಕನಿಷ್ಠ 7 ವರ್ಷ ಜೈಲು. ಲೇತ್ ಇಟ್ಟವರು, ವೆಲ್ಡಿಂಗ್ ಶಾಪ್‌ನವರು, ಪೌಡರ್ ಕೋಟಿಂಗ್ ಮಾಡೋರು ಪರಿಚಯದವರ ಮುಲಾಜಿಗೆ ಬಿದ್ದು ಕೋವಿ ಭಾಗ ಇಟ್ಕೊಂಡ್ರೆ ಸಿಕ್ಕಿಬೀಳೋದು ಅವರೇ. ಒರೆಸೋದು, ಎಣ್ಣೆ ಹಾಕೋದು ಮನೆಯ ಕೆಲಸ. ಕೊರೆಯೋದು, ಬೆಸೆಯೋದು, ಅರ ಹಾಕೋದು, ತೊಟ್ಟಿಗೆ ಅದ್ದೋದು ದುರಸ್ತಿ ಲೈಸೆನ್ಸ್ ಇರೋ ಗನ್‌ಸ್ಮಿತ್ ಕೆಲಸ. ಕೊಟ್ಟಾಗ ನಂಬರ್ ಬರೆದ ರಶೀದಿ ಕೇಳಿ ತಗೊಳ್ಳಿ.

ಫಿನಿಶ್ ಯಾವುದೇ ಇರಲಿ, ಎಣ್ಣೆ ತಪ್ಪಲ್ಲ

ತೆಂಗಿನೆಣ್ಣೆ ಹಾಕೋ ರೂಢಿ ಹಲವು ಮನೆಗಳಲ್ಲಿ ಇದೆ. ಅದು 24-25 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ, ಮಡಿಕೇರಿಯ ಮಳೆಗಾಲದಲ್ಲಿ ಸೀಸೆಯಲ್ಲೇ ಗಟ್ಟಿ, ಆಮೇಲೆ ಕಮಟುತ್ತೆ. ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಅದಕ್ಕಿಂತ ಕೆಟ್ಟದ್ದು, ಅದರಲ್ಲಿ ಆಮ್ಲ, ನೀರು ಎರಡೂ ಇರುತ್ತೆ. ಅಗಸೆ ಎಣ್ಣೆ ಮರದ ಹಿಡಿಗೆ ಸರಿ, ಲೋಹಕ್ಕೆ ಅಂಟಂಟು. ಡಬ್ಲ್ಯೂಡಿ-40 ನೀರು ಓಡಿಸೋಕೆ ಒಳ್ಳೇದು, ಆದ್ರೆ ಬೇಗ ಆರಿಹೋಗುತ್ತೆ, ಅದನ್ನ ಒರೆಸಿ ಮೇಲೆ ತುಕ್ಕು ತಡೆಯೋ ಎಣ್ಣೆ ಹಾಕಬೇಕು. ಏನೂ ಸಿಗದಿದ್ರೆ ಹೊಲಿಗೆ ಮೆಷಿನ್ ಎಣ್ಣೆ.

ಮದ್ದು ತುಂಬಿ ಹೊಡೆಯೋ ಹಳೇ ಕೋವಿಗೆ ಬರೀ ಎಣ್ಣೆ ಸಾಲದು. ಕರಿಮದ್ದಿನ ಬೂದಿ ಗಾಳಿಯ ತೇವ ಎಳೀತದೆ. ಹಾರಿಸಿದ ದಿನವೇ ಬಿಸಿ ನೀರಲ್ಲಿ ನಳಿಗೆ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ.

ಚರ್ಮದ ಕವರ್, ಸ್ಪಂಜಿನ ಕವರ್ ಒಳಗೆ ಮೂರು ತಿಂಗಳು ಇಟ್ರೆ 25 ಮೈಕ್ರಾನ್ ಸೆರಾಮಿಕ್ಕೂ ಉಪಯೋಗಕ್ಕೆ ಬರಲ್ಲ, ಕವರ್ ತೇವ ಹಿಡಿದು ಬಿಡಲ್ಲ. ಬೀಗ ಇರೋ ಬೀರುವಿನಲ್ಲಿ ಬರಿದಾಗಿ, ಸಿಲಿಕಾ ಜೆಲ್ ಜೊತೆ ಇಡೋದು ಮೇಲು. ಜೆಲ್‌ನ ಬಣ್ಣ ಬದಲಾದಾಗ ಒಲೆಯಲ್ಲಿ ಕಾಯಿಸಿ ಮತ್ತೆ ಇಡಬಹುದು. ಮರದ ಹಿಡಿಯ ಒಳಗೆ ನಳಿಗೆ ಕೂರೋ ಗಾಡಿಯನ್ನ ವರ್ಷಕ್ಕೆ ಒಂದು ಸಲ ಬಿಚ್ಚಿಸಿ ನೋಡಬೇಕು. ಮರ ನೀರು ಕುಡಿದು ಅಲ್ಲಿಂದಲೇ ತುಕ್ಕು ಶುರು ಆಗೋದು, ಹೊರಗಿಂದ ಒಂದು ಚುಕ್ಕೆಯೂ ಕಾಣಲ್ಲ. ಚುನಾವಣೆ ವೇಳೆ ಠಾಣೆಗೆ ಒಪ್ಪಿಸೋ ಸಂದರ್ಭ ಬಂದ್ರೆ ಹಿಂದಿನ ರಾತ್ರಿಯೇ ಎಣ್ಣೆ ದಪ್ಪಗೆ ಹಚ್ಚಿ, ಬಟ್ಟೆ ಸುತ್ತದೇ ಕೊಡಿ. ವಾಪಸ್ ತಂದ ದಿನವೇ ಖಾಲಿ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಒರೆಸಿ.